ನ್ಯಾಯಪೀಠಕ್ಕೆ ಎಲ್ಲಿಯವರೆಗೆ ಅಧಿಕಾರ? ಅಮೆರಿಕದ ಕನ್ಸರ್ವೇಟಿವ್ ನ್ಯಾಯಚಿಂತನೆ

ಅಮೆರಿಕದ ಸಂವಿಧಾನ 1787ರಲ್ಲಿ ರಚನೆಯಾದಾಗ ಸುಪ್ರೀಂ ಕೋರ್ಟಿನ ಬಗ್ಗೆ ಅದರಲ್ಲಿ ಬರೆದದ್ದು ತೀರಾ ಕಡಿಮೆ. ಒಂದು ಸರ್ವೋಚ್ಚ ನ್ಯಾಯಾಲಯ ಇರತಕ್ಕದ್ದು, ಅದರ ನ್ಯಾಯಾಧೀಶರು ಸನ್ನಡತೆಯಿಂದ ಇರುವಷ್ಟು ಕಾಲ ಹುದ್ದೆಯಲ್ಲಿ ಉಳಿಯತಕ್ಕದ್ದು ಎಂದು ಮೂರನೆಯ ವಿಧಿ ಹೇಳುತ್ತದೆ. ಶಾಸನಸಭೆ ಮಾಡಿದ ಕಾನೂನನ್ನು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕುವ ಅಧಿಕಾರ ನ್ಯಾಯಾಲಯಕ್ಕಿದೆ ಎಂಬ ಮಾತು ಅಲ್ಲಿ ನೇರವಾಗಿ ಎಲ್ಲಿಯೂ ಇಲ್ಲ. 1803ರ ಮಾರ್ಬರಿ ವಿರುದ್ಧ ಮ್ಯಾಡಿಸನ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಲಿಖಿತ ಸಂವಿಧಾನವೊಂದು ಇರುವಲ್ಲಿ ಈ ಅಧಿಕಾರ ತಾನಾಗಿಯೇ ಹುಟ್ಟುತ್ತದೆ ಎಂದು ತರ್ಕದಿಂದ ಸಾಧಿಸಿದರು. ಅದಕ್ಕೂ ಮೊದಲು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಫೆಡರಲಿಸ್ಟ್ ಲೇಖನಮಾಲೆಯ 78ನೆಯ ಲೇಖನದಲ್ಲಿ ನ್ಯಾಯಾಂಗದಿಂದ ಯಾರೂ ಭಯಪಡಬೇಕಾಗಿಲ್ಲ ಎಂದು ವಾದಿಸಿದ್ದರು. ಸೈನ್ಯ ಕಾರ್ಯಾಂಗದ ಕೈಯಲ್ಲಿ, ಬೊಕ್ಕಸ ಶಾಸಕಾಂಗದ ಕೈಯಲ್ಲಿ ಇರುವಾಗ ನ್ಯಾಯಾಧೀಶರ ಬಳಿ ಉಳಿಯುವುದು ವಿವೇಚನೆಯೊಂದೇ ಎಂಬುದು ಅವರ ಭರವಸೆ.

ಆ ಭರವಸೆ ನಿಜವಾಯಿತೇ? ಜನ ಆರಿಸದ, ಜನ ಇಳಿಸಲಾಗದ, ಬದುಕಿರುವವರೆಗೂ ಕುರ್ಚಿಯಲ್ಲಿರಬಹುದಾದ ಒಂಬತ್ತು ಮಂದಿ ಮೂವತ್ತು ಕೋಟಿಗೂ ಮಿಕ್ಕ ಜನರ ಬದುಕಿನ ಅತಿ ಜಟಿಲ ಪ್ರಶ್ನೆಗಳನ್ನು ಯಾವ ಹಕ್ಕಿನಿಂದ ತೀರ್ಮಾನಿಸುತ್ತಾರೆ? ಕಳೆದ ಎಪ್ಪತ್ತು ವರ್ಷಗಳಲ್ಲಿ ಅಮೆರಿಕದ ಕನ್ಸರ್ವೇಟಿವ್ ಚಿಂತಕರು ನ್ಯಾಯಾಲಯದ ಬಗ್ಗೆ ಬರೆದ, ವಾದಿಸಿದ, ಚುನಾವಣೆಯಲ್ಲಿ ಮತ ಕೇಳಿದ ಎಲ್ಲದರ ಬೇರು ಈ ಪ್ರಶ್ನೆಯಲ್ಲಿದೆ. ಅದು ಗಂಭೀರವಾದ ಪ್ರಶ್ನೆ. ಗರ್ಭಪಾತ, ಬಂದೂಕು, ಧರ್ಮ ಮುಂತಾದ ವಿಷಯಗಳಲ್ಲಿ ಅವರ ನಿಲುವನ್ನು ಒಪ್ಪದವರೂ ಅದನ್ನು ತಪ್ಪಿಸಿಕೊಳ್ಳಲಾರರು.

ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಕೇಳಿದವರು ಕನ್ಸರ್ವೇಟಿವರಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಇಪ್ಪತ್ತನೆಯ ಶತಮಾನದ ಮೊದಲ ಮೂರೂವರೆ ದಶಕಗಳಲ್ಲಿ ಸುಪ್ರೀಂ ಕೋರ್ಟು ಆಸ್ತಿವಂತರ, ಉದ್ಯಮಪತಿಗಳ ಪರವಾಗಿ ಕಾನೂನುಗಳನ್ನು ಹೊಡೆದುಹಾಕುತ್ತಿತ್ತು. ಬ್ರೆಡ್ ತಯಾರಿಸುವ ಬೇಕರಿಗಳಲ್ಲಿ ಕೆಲಸಗಾರರನ್ನು ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಅರವತ್ತು ಗಂಟೆ ಮೀರಿ ದುಡಿಸಬಾರದೆಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತ್ತು. 1905ರ ಲಾಕ್ನರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಅದನ್ನು ರದ್ದುಮಾಡಿದರು, ನಾಲ್ವರು ಒಪ್ಪಲಿಲ್ಲ. ಮಾಲೀಕನಿಗೂ ಕೆಲಸಗಾರನಿಗೂ ತಮಗಿಷ್ಟ ಬಂದಂತೆ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯ ಇದೆ, ಹದಿನಾಲ್ಕನೆಯ ತಿದ್ದುಪಡಿಯಲ್ಲಿರುವ ‘ಕಾನೂನಿನ ಯುಕ್ತ ಪ್ರಕ್ರಿಯೆ’ ಎಂಬ ಮಾತು ಆ ಸ್ವಾತಂತ್ರ್ಯವನ್ನು ಕಾಯುತ್ತದೆ ಎಂಬುದು ಬಹುಮತದ ತರ್ಕ. ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಚಿಕ್ಕದೊಂದು ಭಿನ್ನಮತದ ತೀರ್ಪು ಬರೆದರು. ಸಂವಿಧಾನ ಯಾವ ಒಂದು ಆರ್ಥಿಕ ಸಿದ್ಧಾಂತಕ್ಕೂ ಕಟ್ಟುಬಿದ್ದಿಲ್ಲ, ತನಗೆ ಹಿಡಿಸದ ಕಾನೂನೆಂಬ ಕಾರಣಕ್ಕೆ ನ್ಯಾಯಾಧೀಶ ಜನರ ಪ್ರತಿನಿಧಿಗಳ ಕೈ ಕಟ್ಟಿಹಾಕಬಾರದು ಎಂಬ ಅವರ ವಾದ ಮುಂದೆ ಒಂದು ಇಡೀ ತಲೆಮಾರಿನ ಪ್ರಗತಿಪರರಿಗೆ ದಾರಿದೀಪವಾಯಿತು. ಕೋರ್ಟು 1918ರಲ್ಲಿ ಬಾಲಕಾರ್ಮಿಕ ಪದ್ಧತಿಗೆ ಕಡಿವಾಣ ಹಾಕುವ ಕೇಂದ್ರ ಕಾನೂನನ್ನೂ 1923ರಲ್ಲಿ ರಾಜಧಾನಿಯ ಹೆಂಗಸರ ಕನಿಷ್ಠ ಕೂಲಿಯ ಕಾನೂನನ್ನೂ ತಳ್ಳಿಹಾಕಿತು. ಆರ್ಥಿಕ ಮಹಾಕುಸಿತದಿಂದ ದೇಶವನ್ನು ಎತ್ತಲು ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ತಂದ ಕ್ರಮಗಳಲ್ಲಿ ಹಲವು 1935 ಮತ್ತು 1936ರಲ್ಲಿ ನೆಲಕಚ್ಚಿದವು. ಸಿಟ್ಟಿಗೆದ್ದ ರೂಸ್ವೆಲ್ಟ್ 1937ರ ಫೆಬ್ರವರಿಯಲ್ಲಿ, ಎಪ್ಪತ್ತು ದಾಟಿಯೂ ನಿವೃತ್ತಿ ಹೊಂದದ ಪ್ರತಿ ನ್ಯಾಯಮೂರ್ತಿಗೆ ಒಬ್ಬರಂತೆ ಆರು ಮಂದಿಯವರೆಗೆ ಹೊಸಬರನ್ನು ಸೇರಿಸುವ ಯೋಜನೆ ಮುಂದಿಟ್ಟರು. ಸ್ವಪಕ್ಷದವರೇ ಅದನ್ನು ಒಪ್ಪಲಿಲ್ಲ. ಆದರೆ ಆ ವರ್ಷವೇ ಕೋರ್ಟು ವಾಷಿಂಗ್ಟನ್ ರಾಜ್ಯದ ಕನಿಷ್ಠ ಕೂಲಿಯ ಕಾನೂನನ್ನು ಎತ್ತಿಹಿಡಿಯಿತು. ಲಾಕ್ನರ್ ಯುಗ ಮುಗಿಯಿತು.

ಈ ಅನುಭವದ ಒಂದು ಎಳೆ ಕನ್ನಡ ನಾಡಿನ ಮಗನೊಬ್ಬನ ಮೂಲಕ ಭಾರತದ ಸಂವಿಧಾನದವರೆಗೂ ಬಂದಿದೆ. ಮಂಗಳೂರಿನ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದವರು. 1947ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಹೋದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಫ್ರಾಂಕ್‌ಫರ್ಟರ್ ರೂಸ್ವೆಲ್ಟರ ಆಪ್ತ ಸಲಹೆಗಾರರಾಗಿದ್ದು, ಲಾಕ್ನರ್ ಯುಗದ ಹಾನಿಯನ್ನು ಕಣ್ಣಾರೆ ಕಂಡವರು. ಯುಕ್ತ ಪ್ರಕ್ರಿಯೆಯ ಮಾತನ್ನು ಸಂವಿಧಾನದಲ್ಲಿಟ್ಟರೆ ಆರಿಸಿಬಂದ ಸರ್ಕಾರದ ಕಾನೂನುಗಳನ್ನು ಕೆಲವೇ ನ್ಯಾಯಾಧೀಶರು ತಡೆಯಬಲ್ಲರು, ಅದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲ, ನ್ಯಾಯಾಂಗಕ್ಕೂ ಹೊರೆ ಎಂಬುದು ಅವರ ಎಚ್ಚರಿಕೆ. ಭೂಸುಧಾರಣೆಯಂಥ ದೊಡ್ಡ ಕೆಲಸಗಳು ಎದುರಿಗಿದ್ದ ಹೊಸ ದೇಶದ ಸಲಹೆಗಾರರಿಗೆ ಆ ಮಾತು ನಾಟಿತು. ಭಾರತದ 21ನೆಯ ವಿಧಿಯಲ್ಲಿ ‘ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ’ ಎಂಬ ಕಿರಿದಾದ ಮಾತು ಬಂದು ಕೂತಿತು. 1950ರ ಗೋಪಾಲನ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು ಆ ಮಾತನ್ನು ಅಕ್ಷರಶಃ ಓದಿತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕೆಂದು ಹೇಳಿ, ರಾವ್ ಅವರು ಹೊರಗಿಟ್ಟದ್ದನ್ನು ಬೇರೆ ಬಾಗಿಲಿನಿಂದ ಒಳಕ್ಕೆ ಕರೆದುಕೊಂಡಿತು. ಅಮೆರಿಕದ ಕನ್ಸರ್ವೇಟಿವರು ತಮ್ಮ ನ್ಯಾಯಾಲಯದ ಮೇಲೆ ಹೊರಿಸುವ ಆರೋಪ ಇದೇ ಬಗೆಯದು: ರಚಿಸಿದವರು ಬೇಕೆಂದೇ ಬಿಟ್ಟದ್ದನ್ನು ವ್ಯಾಖ್ಯಾನಿಸುವವರು ತುಂಬಿದರು.

ಅಮೆರಿಕದಲ್ಲಿ ಪಾತ್ರಗಳು ಅದಲುಬದಲಾದದ್ದು 1950ರ ದಶಕದಲ್ಲಿ. ಅಧ್ಯಕ್ಷ ಐಸೆನ್‌ಹೋವರ್ 1953ರಲ್ಲಿ ನೇಮಿಸಿದ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಕ್ಯಾಲಿಫೋರ್ನಿಯದ ರಿಪಬ್ಲಿಕನ್ ಗವರ್ನರ್ ಆಗಿದ್ದವರು. 1969ರವರೆಗೆ ಅವರ ನೇತೃತ್ವದಲ್ಲಿ ಕೋರ್ಟು ದೇಶದ ಮುಖವನ್ನೇ ಬದಲಿಸಿತು. 1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ ಒಂಬತ್ತೂ ಮಂದಿ ಒಮ್ಮತದಿಂದ ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದರು. ಸರ್ಕಾರಿ ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆಯನ್ನು 1962ರಲ್ಲಿ ನಿಲ್ಲಿಸಿದರು. ವಕೀಲರನ್ನಿಟ್ಟುಕೊಳ್ಳಲಾಗದ ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂದು 1963ರಲ್ಲಿ, ವಿಚಾರಣೆಗೆ ಮುನ್ನ ಪೊಲೀಸರು ಬಂಧಿತನಿಗೆ ಅವನ ಹಕ್ಕುಗಳನ್ನು ತಿಳಿಸಬೇಕೆಂದು 1966ರಲ್ಲಿ ತೀರ್ಪಾಯಿತು. 1965ರ ಗ್ರಿಸ್ವೋಲ್ಡ್ ಪ್ರಕರಣದಲ್ಲಿ ದಂಪತಿಗಳು ಗರ್ಭನಿರೋಧಕ ಬಳಸುವುದನ್ನು ನಿಷೇಧಿಸಿದ್ದ ಕನೆಕ್ಟಿಕಟ್ ರಾಜ್ಯದ ಕಾನೂನು ಬಿದ್ದುಹೋಯಿತು. ಸಂವಿಧಾನದಲ್ಲಿ ಹೆಸರಿಸದ ಖಾಸಗಿತನದ ಹಕ್ಕು ಅಲ್ಲಿ ಮೊದಲ ಬಾರಿಗೆ ಸ್ಪಷ್ಟ ರೂಪ ಪಡೆಯಿತು.

ಕನ್ಸರ್ವೇಟಿವ್ ಪ್ರತಿಕ್ರಿಯೆಯ ಚರಿತ್ರೆ ಬರೆಯುವವರು ಇಲ್ಲೊಂದು ಕಹಿಸತ್ಯವನ್ನು ಮುಚ್ಚಿಡುವಂತಿಲ್ಲ. ನ್ಯಾಯಾಂಗ ಮಿತಿ ಮೀರಿದೆ ಎಂಬ ಕೂಗು ಮೊದಲು ಜೋರಾಗಿ ಎದ್ದದ್ದು ದಕ್ಷಿಣದ ರಾಜ್ಯಗಳಲ್ಲಿ, ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸುವುದನ್ನು ತಡೆಯುವುದಕ್ಕಾಗಿ. 1956ರ ದಕ್ಷಿಣದ ಘೋಷಣಾಪತ್ರಕ್ಕೆ ಹತ್ತೊಂಬತ್ತು ಸೆನೆಟರುಗಳು ಸಹಿಹಾಕಿ, ಬ್ರೌನ್ ತೀರ್ಪನ್ನು ನ್ಯಾಯಾಂಗದ ಅಧಿಕಾರದ ದುರುಪಯೋಗವೆಂದು ಬಣ್ಣಿಸಿದರು. 1955ರಲ್ಲಿ ವಿಲಿಯಂ ಬಕ್ಲಿ ಆರಂಭಿಸಿದ ನ್ಯಾಷನಲ್ ರಿವ್ಯೂ ಪತ್ರಿಕೆ 1957ರಲ್ಲಿ ದಕ್ಷಿಣದ ಬಿಳಿಯರ ಮೇಲುಗೈಯನ್ನು ಸಮರ್ಥಿಸಿ ಸಂಪಾದಕೀಯ ಬರೆಯಿತು. ಆ ನಿಲುವು ತಪ್ಪಾಗಿತ್ತೆಂದು ಬಕ್ಲಿ ಕೊನೆಗಾಲದಲ್ಲಿ ಒಪ್ಪಿಕೊಂಡರು. ಮುಂದಿನ ತಲೆಮಾರಿನ ಕನ್ಸರ್ವೇಟಿವ್ ವಿದ್ವಾಂಸರಿಗೆ ಬ್ರೌನ್ ಒಂದು ಪರೀಕ್ಷೆಯಾಯಿತು. 1868ರಲ್ಲಿ ಹದಿನಾಲ್ಕನೆಯ ತಿದ್ದುಪಡಿ ಜಾರಿಯಾದಾಗ ರಾಜಧಾನಿಯ ಶಾಲೆಗಳಲ್ಲೇ ಕಪ್ಪು ಬಿಳಿ ಮಕ್ಕಳು ಬೇರೆಬೇರೆಯಾಗಿ ಕೂರುತ್ತಿದ್ದರು. ಮೂಲ ಅರ್ಥಕ್ಕೆ ಅಂಟಿಕೊಂಡರೆ ಬ್ರೌನ್ ತೀರ್ಪು ನಿಲ್ಲುತ್ತದೆಯೇ? ನಿಲ್ಲುತ್ತದೆ, ಏಕೆಂದರೆ ಸಮಾನ ರಕ್ಷಣೆ ಎಂಬ ತತ್ತ್ವವೇ ಮೂಲ, ಅಂದಿನ ಆಚರಣೆಯಲ್ಲ ಎಂದು ರಾಬರ್ಟ್ ಬೋರ್ಕ್ ಉತ್ತರಿಸಿದರು. ಅಂದಿನ ಕಾಂಗ್ರೆಸ್ಸಿನ ಚರ್ಚೆಗಳನ್ನು ಶೋಧಿಸಿದ ಮೈಕೆಲ್ ಮೆಕಾನೆಲ್ 1995ರಲ್ಲಿ ಅದೇ ಉತ್ತರಕ್ಕೆ ಐತಿಹಾಸಿಕ ಆಧಾರ ಒದಗಿಸಲು ಯತ್ನಿಸಿದರು. ಈ ಉತ್ತರವನ್ನು ಒಪ್ಪಿದರೆ ಒಂದು ಪರಿಣಾಮವನ್ನೂ ಒಪ್ಪಬೇಕಾಗುತ್ತದೆ. ತತ್ತ್ವವನ್ನು ಎಷ್ಟು ವ್ಯಾಪಕವಾಗಿ ಹಿಡಿಯಬೇಕೆಂಬ ಆಯ್ಕೆ ನ್ಯಾಯಾಧೀಶನ ಕೈಯಲ್ಲೇ ಉಳಿಯುತ್ತದೆ, ಮತ್ತು ಆ ಆಯ್ಕೆಯಲ್ಲಿ ಅವನ ಮೌಲ್ಯಗಳು ಬೆರೆಯದೆ ಇರವು.

1968ರ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್, ಸಂವಿಧಾನವನ್ನು ಬಿಗಿಯಾಗಿ ಓದುವವರನ್ನೇ ನೇಮಿಸುವುದಾಗಿ ಮಾತು ಕೊಟ್ಟು ಗೆದ್ದರು. ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಸೇರಿ ನಾಲ್ವರನ್ನು ನೇಮಿಸಿದರು. ಆದರೂ 1973ರ ಜನವರಿ 22ರಂದು ಹೊರಬಿದ್ದ ರೋ ವಿರುದ್ಧ ವೇಡ್ ತೀರ್ಪು, ಗರ್ಭಪಾತದ ಆಯ್ಕೆ ಹೆಣ್ಣಿನ ಸಾಂವಿಧಾನಿಕ ಹಕ್ಕೆಂದು ಏಳು ಮತಗಳಿಂದ ಸಾರಿತು. ಅದನ್ನು ಬರೆದ ಹ್ಯಾರಿ ಬ್ಲ್ಯಾಕ್ಮನ್ ನಿಕ್ಸನ್ನರೇ ನೇಮಿಸಿದವರು. ಭಿನ್ನಮತ ಬರೆದ ಇಬ್ಬರಲ್ಲಿ ಬೈರನ್ ವೈಟ್ ಡೆಮಾಕ್ರಟಿಕ್ ಅಧ್ಯಕ್ಷ ಕೆನಡಿಯವರ ಆಯ್ಕೆ. ಇದರಿಂದ ಕನ್ಸರ್ವೇಟಿವರು ಕಲಿತ ಪಾಠ ಸ್ಪಷ್ಟ: ಒಳ್ಳೆಯ ಹೆಸರುಗಳಷ್ಟೇ ಸಾಲವು, ನ್ಯಾಯಾಧೀಶನನ್ನು ಕಟ್ಟಿಹಾಕುವ ಸಿದ್ಧಾಂತ ಬೇಕು, ಆ ಸಿದ್ಧಾಂತದಲ್ಲಿ ಪಳಗಿದ ವಕೀಲರ ಪೀಳಿಗೆಯೇ ಬೇಕು.

ಸಿದ್ಧಾಂತ ಆಗಲೇ ರೂಪುಗೊಳ್ಳುತ್ತಿತ್ತು. ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬೋರ್ಕ್ 1971ರ ಲೇಖನವೊಂದರಲ್ಲಿ ಗ್ರಿಸ್ವೋಲ್ಡ್ ತೀರ್ಪಿಗೆ ಸಂವಿಧಾನದಲ್ಲಿ ಆಧಾರವಿಲ್ಲವೆಂದು ವಾದಿಸಿದ್ದರು. ಸಂವಿಧಾನ ಮೌನವಾಗಿರುವ ಕಡೆ ಬಹುಮತವೇ ಆಳಬೇಕು. ಅಲ್ಲಿ ನ್ಯಾಯಾಧೀಶ ಒಂದು ಮೌಲ್ಯವನ್ನು ಇನ್ನೊಂದರ ಮೇಲಿಟ್ಟರೆ ಅದು ಆಳ್ವಿಕೆಯೇ ಹೊರತು ನ್ಯಾಯದಾನವಲ್ಲ. 1977ರಲ್ಲಿ ರಾವುಲ್ ಬರ್ಗರ್ ಹದಿನಾಲ್ಕನೆಯ ತಿದ್ದುಪಡಿಯ ರಚನೆಯ ಚರಿತ್ರೆಯನ್ನು ಕೆದಕಿ ಇಂಥದೇ ತೀರ್ಮಾನಕ್ಕೆ ಬಂದರು. ರಾಜಕೀಯವಾಗಿ ಅವರು ಉದಾರವಾದಿಯಾಗಿದ್ದುದು ಆ ಪುಸ್ತಕದ ತೂಕವನ್ನು ಹೆಚ್ಚಿಸಿತು. 1982ರಲ್ಲಿ ಯೇಲ್ ಮತ್ತು ಶಿಕಾಗೊ ಕಾನೂನು ಶಾಲೆಗಳ ಕೆಲವು ವಿದ್ಯಾರ್ಥಿಗಳು ಫೆಡರಲಿಸ್ಟ್ ಸೊಸೈಟಿ ಕಟ್ಟಿದರು. ಯೇಲ್‌ನಲ್ಲಿ ಬೋರ್ಕ್, ಶಿಕಾಗೊದಲ್ಲಿ ಆಂಟೊನಿನ್ ಸ್ಕಲಿಯ ಅವರ ಬೆನ್ನಿಗೆ ನಿಂತರು. ಚರ್ಚಾಕೂಟಗಳಾಗಿ ಶುರುವಾದ ಆ ಸಂಸ್ಥೆ ನಾಲ್ಕು ದಶಕಗಳಲ್ಲಿ ದೇಶದ ನ್ಯಾಯಾಧೀಶರ ನೇಮಕಾತಿಯ ಹೆಬ್ಬಾಗಿಲಾಯಿತು. ರೇಗನ್ ಸರ್ಕಾರದ ಅಟಾರ್ನಿ ಜನರಲ್ ಎಡ್ವಿನ್ ಮೀಸ್ 1985ರ ಜುಲೈನಲ್ಲಿ ವಕೀಲರ ಸಂಘದ ಮುಂದೆ, ಸಂವಿಧಾನ ರಚಿಸಿದವರ ಉದ್ದೇಶಕ್ಕೆ ನ್ಯಾಯಾಲಯ ಮರಳಬೇಕೆಂದು ಭಾಷಣ ಮಾಡಿದರು. ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ವಿಲಿಯಂ ಬ್ರೆನನ್ ಅದಕ್ಕೆ ಬಹಿರಂಗವಾಗಿಯೇ ಉತ್ತರಿಸಿ, ಎರಡು ಶತಮಾನದ ಹಿಂದಿನವರ ಮನಸ್ಸನ್ನು ಇಂದು ನಿಖರವಾಗಿ ಬಲ್ಲೆವೆಂಬುದು ವಿನಯದ ವೇಷ ತೊಟ್ಟ ಅಹಂಕಾರ ಎಂಬರ್ಥದ ಮಾತಾಡಿದರು.

ಬ್ರೆನನ್ನರ ಟೀಕೆ ಗುರಿ ತಲುಪಿತು. ಫಿಲಡೆಲ್ಫಿಯದಲ್ಲಿ ಸೇರಿದ್ದ ಅಷ್ಟು ಮಂದಿಗೆ ಒಂದೇ ಉದ್ದೇಶ ಇತ್ತೆನ್ನುವುದು ಕಷ್ಟ. ಆದ್ದರಿಂದ ಸ್ಕಲಿಯ ವಾದವನ್ನು ಬೇರೆ ನೆಲೆಗೆ ಒಯ್ದರು. ರಚಿಸಿದವರ ಮನಸ್ಸಿನಲ್ಲಿ ಏನಿತ್ತೆಂಬುದು ಮುಖ್ಯವಲ್ಲ; ಆ ಮಾತುಗಳನ್ನು ಅಂದು ಓದಿ ಅಂಗೀಕರಿಸಿದ ಸಾಮಾನ್ಯ ಜನ ಅವನ್ನು ಹೇಗೆ ಅರ್ಥಮಾಡಿಕೊಂಡರೋ ಅದೇ ಸಂವಿಧಾನದ ಅರ್ಥ. ಬದಲಾವಣೆ ಬೇಕಿದ್ದರೆ ತಿದ್ದುಪಡಿಯ ದಾರಿ ಇದೆ. ಇದೇ ಮೂಲಾರ್ಥವಾದ. 1986ರಲ್ಲಿ ಸೆನೆಟ್ ಸ್ಕಲಿಯರನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ 98–0 ಮತಗಳಿಂದ ಒಪ್ಪಿತು. ಮರುವರ್ಷ ರೇಗನ್ ಬೋರ್ಕರನ್ನು ಹೆಸರಿಸಿದಾಗ ವಾತಾವರಣ ಬೇರೆಯಾಗಿತ್ತು. ಬೋರ್ಕ್ ತಮ್ಮ ನಿಲುವುಗಳನ್ನು ಸೆನೆಟ್ ಸಮಿತಿಯ ಮುಂದೆ ಬಿಚ್ಚಿಟ್ಟು ವಾದಿಸಿದರು, ಮತ್ತು 42–58ರಲ್ಲಿ ಸೋತರು. ಅಂದಿನಿಂದ ಯಾವ ಅಭ್ಯರ್ಥಿಯೂ ಆ ಬಗೆಯ ಪ್ರಾಮಾಣಿಕತೆಯನ್ನು ತೋರಿಲ್ಲ. ಪ್ರಶ್ನೆಗಳಿಗೆ ಜಾರಿಕೊಳ್ಳುವ ಉತ್ತರ ಕೊಡುವುದು ಎರಡೂ ಪಕ್ಷದವರ ರೂಢಿಯಾಯಿತು. ಪ್ರಜಾಪ್ರಭುತ್ವಕ್ಕೆ ಆದ ನಷ್ಟ ಅದು. ಬೋರ್ಕರ ಬದಲಿಗೆ ಬಂದ ಆಂಟನಿ ಕೆನಡಿ, ಹಿರಿಯ ಬುಷ್ 1990ರಲ್ಲಿ ನೇಮಿಸಿದ ಡೇವಿಡ್ ಸೌಟರ್, ರೇಗನ್ ನೇಮಿಸಿದ ಸ್ಯಾಂಡ್ರಾ ಡೇ ಒ'ಕಾನರ್ ಮೂವರೂ 1992ರ ಕೇಸಿ ಪ್ರಕರಣದಲ್ಲಿ ರೋ ತೀರ್ಪಿನ ತಿರುಳನ್ನು ಉಳಿಸಿದರು.

ಸ್ಕಲಿಯರ ಸಿದ್ಧಾಂತ ಬರೀ ರಾಜಕೀಯದ ಮುಸುಕು ಎನ್ನುವ ಟೀಕೆ ಪೂರ್ತಿ ನಿಲ್ಲದು. ರಾಷ್ಟ್ರಧ್ವಜ ಸುಡುವುದು ವಾಕ್‌ಸ್ವಾತಂತ್ರ್ಯದ ವ್ಯಾಪ್ತಿಗೆ ಸೇರುತ್ತದೆಂಬ 1989ರ ತೀರ್ಪಿನಲ್ಲಿ ಅವರು ಐದನೆಯ ಮತ ಕೊಟ್ಟರು, ತಮಗೆ ಅಂಥವರ ಮೇಲೆ ತಿರಸ್ಕಾರವಿದ್ದರೂ. ಮನೆಯೊಳಗಿನ ಶಾಖವನ್ನು ಹೊರಗಿನಿಂದ ಯಂತ್ರವಿಟ್ಟು ಅಳೆಯಲು ಪೊಲೀಸರಿಗೆ ವಾರಂಟ್ ಬೇಕೆಂದು 2001ರಲ್ಲಿ, ಆರೋಪಿಯ ಪಾಟೀಸವಾಲಿಗೆ ಒಳಪಡದ ಸಾಕ್ಷಿಯ ಹೇಳಿಕೆಯನ್ನು ಅವನ ವಿರುದ್ಧ ಬಳಸಬಾರದೆಂದು 2004ರಲ್ಲಿ ಬರೆದವರೂ ಅವರೇ. ಮೂಲನಿವಾಸಿಗಳು ಧಾರ್ಮಿಕ ವಿಧಿಯಲ್ಲಿ ಬಳಸುವ ಪೆಯೋಟಿ ಎಂಬ ಮಾದಕ ಸಸ್ಯದ ಪ್ರಕರಣದಲ್ಲಿ, ಎಲ್ಲರಿಗೂ ಅನ್ವಯಿಸುವ ಕಾನೂನಿನಿಂದ ಧರ್ಮದ ಹೆಸರಿನಲ್ಲಿ ವಿನಾಯಿತಿ ಕೇಳುವಂತಿಲ್ಲ ಎಂದು 1990ರಲ್ಲಿ ಅವರು ಹೇಳಿದ್ದು ಧಾರ್ಮಿಕ ಕನ್ಸರ್ವೇಟಿವರನ್ನೇ ಕೆರಳಿಸಿತು. ಮೂರು ವರ್ಷದಲ್ಲಿ ಕಾಂಗ್ರೆಸ್ಸು ಅದರ ವಿರುದ್ಧ ಕಾನೂನನ್ನೇ ಮಾಡಿತು.

ಸಂಯಮ ಮತ್ತು ಮೂಲಾರ್ಥ ಎಂಬ ಎರಡು ಆದರ್ಶಗಳು ಒಂದೇ ಅಲ್ಲವೆಂಬುದು ಎದ್ದು ಕಂಡದ್ದು 2008ರ ಹೆಲ್ಲರ್ ಪ್ರಕರಣದಲ್ಲಿ. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಕೈಬಂದೂಕು ನಿಷೇಧಿಸಿದ್ದ ಕಾನೂನನ್ನು ಐದು–ನಾಲ್ಕರ ಬಹುಮತ ರದ್ದುಮಾಡಿತು. ಎರಡನೆಯ ತಿದ್ದುಪಡಿಯಲ್ಲಿ ನಾಗರಿಕ ಸೇನಾದಳದ ಪ್ರಸ್ತಾಪವಿದ್ದರೂ ಶಸ್ತ್ರ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಸ್ಕಲಿಯ ಹದಿನೆಂಟನೆಯ ಶತಮಾನದ ನಿಘಂಟು, ಕಾನೂನು ಗ್ರಂಥಗಳಿಂದ ಸಾಧಿಸಿದರು. ಭಿನ್ನಮತ ಬರೆದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅದೇ ಚರಿತ್ರೆಯಿಂದ ಎದುರು ತೀರ್ಮಾನಕ್ಕೆ ಬಂದರು. ರೇಗನ್ ನೇಮಿಸಿದ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಜೆ. ಹಾರ್ವಿ ವಿಲ್ಕಿನ್ಸನ್ 2009ರ ಲೇಖನವೊಂದರಲ್ಲಿ ಹೆಲ್ಲರ್ ತೀರ್ಪನ್ನು ರೋ ತೀರ್ಪಿನ ಪಕ್ಕದಲ್ಲಿಟ್ಟು ತೂಗಿದರು. ಎರಡರಲ್ಲೂ ಪಠ್ಯ ಅಸ್ಪಷ್ಟ, ಎರಡರಲ್ಲೂ ಜನರ ನಡುವೆ ಪ್ರಾಮಾಣಿಕ ಭಿನ್ನಾಭಿಪ್ರಾಯ, ಎರಡರಲ್ಲೂ ಶಾಸನಸಭೆಗೆ ಬಿಡಬೇಕಾದುದನ್ನು ನ್ಯಾಯಾಧೀಶರು ಎತ್ತಿಕೊಂಡರು ಎಂಬುದು ಅವರ ಅಳಲು. ಕನ್ಸರ್ವೇಟಿವ್ ಪರಂಪರೆಯ ಒಳಗಿನಿಂದ ಬಂದ ಇಷ್ಟು ತೂಕದ ವಿಮರ್ಶೆ ಇನ್ನೊಂದು ಸಿಗುವುದು ಕಷ್ಟ. 2012ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಬಾಮಾ ಅವರ ಆರೋಗ್ಯ ವಿಮೆಯ ಕಾನೂನನ್ನು, ವಿಮೆ ಮಾಡಿಸದವರಿಗೆ ಹಾಕುವ ದಂಡ ತೆರಿಗೆಯೇ ಎಂಬ ನೆಲೆಯಲ್ಲಿ ಉಳಿಸಿದಾಗ ಅನೇಕ ಕನ್ಸರ್ವೇಟಿವರು ಅದನ್ನು ದ್ರೋಹವೆಂದು ಕರೆದರು. ಶಾಸನವನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಬೇಕೆಂಬ ಹಳೆಯ ಸಂಯಮದ ಬೋಧನೆಗೆ ರಾಬರ್ಟ್ಸ್ ಅಂದು ನಿಷ್ಠರಾಗಿದ್ದರು ಎನ್ನುವುದೇ ನ್ಯಾಯ.

2016ರ ಫೆಬ್ರವರಿ 13ರಂದು ಸ್ಕಲಿಯ ತೀರಿಕೊಂಡರು. ಒಬಾಮಾ ಹೆಸರಿಸಿದ ಮೆರಿಕ್ ಗಾರ್ಲಂಡ್ ಅವರ ವಿಚಾರಣೆಯನ್ನೇ ನಡೆಸದೆ ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಕುರ್ಚಿಯನ್ನು ಖಾಲಿ ಇಟ್ಟರು. ಚುನಾವಣೆಯ ವರ್ಷ, ಜನ ತೀರ್ಮಾನಿಸಲಿ ಎಂಬುದು ಅವರು ಕೊಟ್ಟ ಕಾರಣ. ನಾಲ್ಕು ವರ್ಷದ ಬಳಿಕ ರೂತ್ ಬೇಡರ್ ಗಿನ್ಸ್‌ಬರ್ಗ್ ಸೆಪ್ಟೆಂಬರ್ 18ರಂದು ತೀರಿಕೊಂಡಾಗ, ಮತದಾನಕ್ಕೆ ಕೆಲವೇ ದಿನಗಳಿದ್ದರೂ ಅದೇ ಸೆನೆಟ್ ಅಕ್ಟೋಬರ್ 26ರಂದು ಏಮಿ ಕೋನಿ ಬ್ಯಾರೆಟ್ ಅವರನ್ನು 52–48ರಿಂದ ಒಪ್ಪಿತು. ನೀಲ್ ಗೋರ್ಸಚ್, ಬ್ರೆಟ್ ಕಾವನಾ, ಬ್ಯಾರೆಟ್ ಸೇರಿ ಟ್ರಂಪ್ ತಮ್ಮ ಮೊದಲ ಅವಧಿಯಲ್ಲಿ ಮೂವರನ್ನು ನೇಮಿಸಿದರು. ಕನ್ಸರ್ವೇಟಿವ್ ಬಹುಮತ ಆರು–ಮೂರಕ್ಕೆ ಏರಿತು. ಸಾಧಿಸಿದ ರೀತಿ ಸೆನೆಟ್‌ನ ನಿಯಮಕ್ಕೆ ಒಳಪಟ್ಟದ್ದೇ ಇರಬಹುದು. ಆದರೆ ಎರಡು ಸಲ ಎರಡು ಅಳತೆಗೋಲು ಬಳಸಿದ್ದು, ನ್ಯಾಯಾಧೀಶ ಪಕ್ಷಾತೀತನೆಂಬ ನಂಬಿಕೆಯನ್ನು ಕಾಪಾಡಬೇಕೆನ್ನುವ ಕನ್ಸರ್ವೇಟಿವ್ ಆಶಯಕ್ಕೇ ಪೆಟ್ಟು ಕೊಟ್ಟಿತು.

2022ರ ಜೂನ್ 24ರ ಡಾಬ್ಸ್ ತೀರ್ಪು ಅರ್ಧ ಶತಮಾನದ ಹೋರಾಟದ ತುದಿ. ಹದಿನೈದು ವಾರಗಳ ನಂತರದ ಗರ್ಭಪಾತವನ್ನು ನಿಷೇಧಿಸಿದ್ದ ಮಿಸಿಸಿಪಿ ರಾಜ್ಯದ ಕಾನೂನನ್ನು ಆರು ಮಂದಿ ಎತ್ತಿಹಿಡಿದರು. ರೋ ತೀರ್ಪನ್ನೇ ರದ್ದುಮಾಡಲು ಐವರು ಒಪ್ಪಿದರು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್, ಮುಂದಿರುವ ಕಾನೂನನ್ನಷ್ಟೇ ನಿರ್ಣಯಿಸಿ ನಿಲ್ಲಬೇಕೆಂದು ಬೇರೆಯಾಗಿ ಬರೆದರು. ಪಠ್ಯದಲ್ಲಿ ಹೆಸರಿಸದ ಹಕ್ಕು ದೇಶದ ಇತಿಹಾಸ, ಪರಂಪರೆಯಲ್ಲಿ ಆಳವಾಗಿ ಬೇರೂರಿರಬೇಕು, 1868ರಲ್ಲಿ ಬಹುಪಾಲು ರಾಜ್ಯಗಳು ಗರ್ಭಪಾತವನ್ನು ಅಪರಾಧವೆಂದು ಪರಿಗಣಿಸಿದ್ದವು ಎಂಬುದು ಸ್ಯಾಮ್ಯುಯೆಲ್ ಅಲಿಟೊ ಬರೆದ ತೀರ್ಪಿನ ಬೆನ್ನೆಲುಬು. ಆ 1868ರಲ್ಲಿ ಹೆಂಗಸರಿಗೆ ಮತದಾನದ ಹಕ್ಕೇ ಇರಲಿಲ್ಲ, ಅವರ ದನಿಯಿಲ್ಲದ ಕಾಲವನ್ನು ಅವರ ಹಕ್ಕಿನ ಅಳತೆಗೋಲು ಮಾಡುವುದು ಹೇಗೆ ಎಂದು ಭಿನ್ನಮತದ ಮೂವರು ಕೇಳಿದರು. ಅಲಿಟೊ ಅವರ ಉತ್ತರ, ಇಂದು ಹೆಂಗಸರಿಗೆ ಮತವಿದೆ, ಅವರು ಶಾಸನಸಭೆಯಲ್ಲಿ ತೀರ್ಮಾನಿಸಲಿ ಎಂಬುದು. ಜನ ತೀರ್ಮಾನಿಸಿದರು ಕೂಡ. ರಿಪಬ್ಲಿಕನ್ ಪಕ್ಷದ ಭದ್ರಕೋಟೆಯಾದ ಕಾನ್ಸಸ್‌ನಲ್ಲಿ ಆಗಸ್ಟ್ 2ರಂದು ನಡೆದ ಜನಮತಗಣನೆ ಗರ್ಭಪಾತದ ರಕ್ಷಣೆಯನ್ನು ರಾಜ್ಯ ಸಂವಿಧಾನದಿಂದ ತೆಗೆಯುವ ಪ್ರಸ್ತಾಪವನ್ನು ದೊಡ್ಡ ಅಂತರದಿಂದ ತಿರಸ್ಕರಿಸಿತು. ಮರುವರ್ಷ ಓಹಿಯೊ ಮತದಾರರು ಆ ಹಕ್ಕನ್ನು ತಮ್ಮ ಸಂವಿಧಾನಕ್ಕೆ ಸೇರಿಸಿದರು. ಬೇರೆ ಹಲವು ರಾಜ್ಯಗಳಲ್ಲಿ ಕಠಿಣ ನಿಷೇಧ ಬಂತು, ಗರ್ಭಿಣಿಯರು ಚಿಕಿತ್ಸೆಗಾಗಿ ಗಡಿ ದಾಟಬೇಕಾಯಿತು. ಭಾರತದ ದಾರಿ ಬೇರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಗ್ರಿಸ್ವೋಲ್ಡ್, ರೋ ಎರಡೂ ಅಲ್ಲಿ ಚರ್ಚೆಗೆ ಬಂದವು. ರಚನೆಯ ಕಾಲದ ತಿಳಿವಳಿಕೆಗೆ ಸಂವಿಧಾನವನ್ನು ಕಟ್ಟಿಹಾಕುವಂತಿಲ್ಲ ಎಂಬ ನಿಲುವೂ ಅಲ್ಲಿ ದಾಖಲಾಯಿತು.

ಇತಿಹಾಸವನ್ನೇ ಅಳತೆಗೋಲಾಗಿಸುವ ತೊಡಕು ಬಂದೂಕಿನ ಪ್ರಕರಣಗಳಲ್ಲಿ ಬೇಗನೆ ಬಯಲಾಯಿತು. 2022ರ ಬ್ರೂಯನ್ ತೀರ್ಪಿನಲ್ಲಿ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್, ಇಂದಿನ ಶಸ್ತ್ರ ನಿಯಂತ್ರಣಕ್ಕೆ ದೇಶದ ಹಳೆಯ ಕಾನೂನುಗಳಲ್ಲಿ ಹೋಲಿಕೆ ತೋರಿಸಬೇಕೆಂದು ವಿಧಿಸಿ, ನ್ಯೂಯಾರ್ಕಿನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಜಾರಿಯಲ್ಲಿದ್ದ ನಿಯಮವೊಂದನ್ನು ರದ್ದುಮಾಡಿದರು. ಹಾಗಾದರೆ ಹೆಂಡತಿ ಅಥವಾ ಸಂಗಾತಿಯ ಮೇಲೆ ಹಿಂಸೆ ಎಸಗುವ ಅಪಾಯವಿದೆಯೆಂದು ಕೋರ್ಟು ಕಂಡುಕೊಂಡು ತಡೆಯಾಜ್ಞೆ ಹಾಕಿದವನಿಂದ ಬಂದೂಕು ಕಿತ್ತುಕೊಳ್ಳುವ ಕಾನೂನಿನ ಗತಿಯೇನು? ಹದಿನೆಂಟನೆಯ ಶತಮಾನದಲ್ಲಿ ಅಂಥ ಕಾನೂನು ಇರಲಿಲ್ಲ. 2024ರ ರಹಿಮಿ ಪ್ರಕರಣದಲ್ಲಿ ಎಂಟು ಮಂದಿ ಆ ಕಾನೂನನ್ನು ಉಳಿಸಿದರು. ಹಳೆಯ ಕಾನೂನಿನ ಪಡಿಯಚ್ಚು ಬೇಡ, ತತ್ತ್ವ ಹೊಂದಿದರೆ ಸಾಕೆಂದು ರಾಬರ್ಟ್ಸ್ ಬರೆದರು. ಒಂಟಿಯಾಗಿ ಭಿನ್ನಮತ ಬರೆದವರು ಬ್ರೂಯನ್ ತೀರ್ಪಿನ ಕರ್ತೃ ಥಾಮಸ್. ಬ್ಯಾರೆಟ್ ತಮ್ಮ ಪ್ರತ್ಯೇಕ ಅಭಿಪ್ರಾಯಗಳಲ್ಲಿ, ಇತಿಹಾಸದ ತುಣುಕುಗಳನ್ನು ಎಣಿಸುವುದು ಮೂಲಾರ್ಥವನ್ನು ಅರಿಯುವುದಕ್ಕೆ ಸಮವಲ್ಲ ಎಂದು ಎಚ್ಚರಿಸತೊಡಗಿದರು. ಪಠ್ಯಕ್ಕೆ ಕಟ್ಟುನಿಟ್ಟಾಗಿ ಬದ್ಧನಾದರೆ ಫಲ ಎತ್ತ ಹೋದೀತೆಂದು ಮೊದಲೇ ಹೇಳಲಾಗದು ಎಂಬುದಕ್ಕೆ 2020ರ ಬೊಸ್ಟಾಕ್ ಪ್ರಕರಣ ಸಾಕ್ಷಿ. ಉದ್ಯೋಗದಲ್ಲಿ ಲಿಂಗದ ಆಧಾರದ ತಾರತಮ್ಯ ನಿಷೇಧಿಸಿದ 1964ರ ಕಾನೂನು ಸಲಿಂಗಿಗಳನ್ನೂ ಲಿಂಗಪರಿವರ್ತಿತರನ್ನೂ ಕಾಯುತ್ತದೆಂದು ಬರೆದವರು ಗೋರ್ಸಚ್.

ಆಡಳಿತದ ಇಲಾಖೆಗಳ ಅಧಿಕಾರದ ಬಗ್ಗೆ ಕನ್ಸರ್ವೇಟಿವ್ ನಿಲುವು ಪೂರ್ತಿ ತಿರುಗಿದೆ. ಕಾನೂನಿನ ಮಾತು ಅಸ್ಪಷ್ಟವಾಗಿದ್ದರೆ ಇಲಾಖೆಯ ಯುಕ್ತವಾದ ವ್ಯಾಖ್ಯಾನಕ್ಕೆ ಕೋರ್ಟು ಮನ್ನಣೆ ಕೊಡಬೇಕೆಂದ 1984ರ ಶೆವ್ರಾನ್ ತೀರ್ಪು ರೇಗನ್ ಸರ್ಕಾರದ ಗೆಲುವಾಗಿತ್ತು, ಸ್ಕಲಿಯ ಅದನ್ನು ಬಹಳ ಕಾಲ ಸಮರ್ಥಿಸಿದರು. ಮೀನುಗಾರಿಕೆಯ ದೋಣಿಗಳ ಮೇಲಿನ ಸರ್ಕಾರಿ ವೀಕ್ಷಕರ ಖರ್ಚನ್ನು ಯಾರು ಭರಿಸಬೇಕೆಂಬ ತಕರಾರಿನಲ್ಲಿ 2024ರ ಜೂನ್ 28ರಂದು ಕೋರ್ಟು ಅದನ್ನು ತೆಗೆದುಹಾಕಿ, ಕಾನೂನಿನ ಅರ್ಥ ಹೇಳುವುದು ನ್ಯಾಯಾಧೀಶನ ಕೆಲಸವೆಂದಿತು. ಮೂರು ದಿನಗಳ ಬಳಿಕ, ಅಧ್ಯಕ್ಷನ ಅಧಿಕೃತ ಕೃತ್ಯಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ವ್ಯಾಪಕವಾದ ರಕ್ಷಣೆ ಇದೆಯೆಂದು ಆರು–ಮೂರರ ಬಹುಮತ ಹೇಳಿತು. ಈ ಎರಡನೆಯದಕ್ಕೆ ಪಠ್ಯದ ಆಧಾರ ಹುಡುಕುವುದು ಕಷ್ಟ. ಮೂಲಾರ್ಥವಾದದ ನಿಷ್ಠಾವಂತರಲ್ಲೂ ಕೆಲವರು ಹಾಗೆಂದು ಬರೆದಿದ್ದಾರೆ.

ಮೂಲಾರ್ಥವಾದವನ್ನೇ ಬಲದ ಕಡೆಯಿಂದ ಪ್ರಶ್ನಿಸುವವರೂ ಬಂದಿದ್ದಾರೆ. ಹಾರ್ವರ್ಡ್‌ನ ಏಡ್ರಿಯನ್ ವರ್ಮ್ಯೂಲ್ 2020ರ ಲೇಖನದಲ್ಲೂ 2022ರ ಪುಸ್ತಕದಲ್ಲೂ, ಆ ಸಿದ್ಧಾಂತದ ಉಪಯೋಗ ಮುಗಿಯಿತು, ಇನ್ನು ಸಂವಿಧಾನವನ್ನು ಸಾರ್ವಜನಿಕ ಹಿತದ ನೈತಿಕ ದೃಷ್ಟಿಯಿಂದ ಓದಬೇಕು ಎಂದು ವಾದಿಸಿದರು. ವಾರೆನ್ ಕಾಲದ ಕೋರ್ಟಿನ ಮೇಲೆ ಹೊರಿಸಿದ ಆರೋಪವೂ ಇದೇ ಆಗಿತ್ತು: ನೈತಿಕ ನಂಬಿಕೆಯನ್ನು ಕಾನೂನಾಗಿಸಿದರೆಂಬುದು. ವರ್ಮ್ಯೂಲರ ದಾರಿ ಹಿಡಿದರೆ ಕನ್ಸರ್ವೇಟಿವರು ತಮ್ಮ ಅತ್ಯುತ್ತಮ ವಾದವನ್ನೇ ಬಿಟ್ಟುಕೊಟ್ಟಂತೆ.

ಟ್ರಂಪ್ ಅವರ ಎರಡನೆಯ ಅವಧಿಯಲ್ಲಿ ಕೆಳ ನ್ಯಾಯಾಲಯಗಳ ತಡೆಯಾಜ್ಞೆಗಳು ಕೇಂದ್ರಬಿಂದುವಾದವು. ಒಂದು ಜಿಲ್ಲೆಯ ನ್ಯಾಯಾಧೀಶ ಇಡೀ ದೇಶಕ್ಕೆ ಅನ್ವಯಿಸುವ ತಡೆ ನೀಡುವುದನ್ನು ಥಾಮಸ್ 2018ರಲ್ಲೇ ಪ್ರಶ್ನಿಸಿದ್ದರು. ಡೆಮಾಕ್ರಟಿಕ್ ಅಧ್ಯಕ್ಷರಿದ್ದಾಗ ಟೆಕ್ಸಸ್‌ನ ನ್ಯಾಯಾಧೀಶರಿಂದ ಅಂಥ ತಡೆ ಪಡೆದವರು ರಿಪಬ್ಲಿಕನ್ ರಾಜ್ಯಗಳವರೇ. 2025ರ ಜೂನ್ 27ರಂದು, ಹುಟ್ಟಿನಿಂದ ಬರುವ ಪೌರತ್ವವನ್ನು ಮೊಟಕುಗೊಳಿಸುವ ಆದೇಶದ ಪ್ರಕರಣದಲ್ಲಿ, ದಾವೆ ಹೂಡಿದವರಿಗೆ ಪೂರ್ಣ ಪರಿಹಾರ ಕೊಡಲು ಬೇಕಾದುದಕ್ಕಿಂತ ಹೆಚ್ಚಿನ ವ್ಯಾಪ್ತಿಯ ತಡೆ ಸಲ್ಲದೆಂದು ಬ್ಯಾರೆಟ್ ಬಹುಮತದ ತೀರ್ಪು ಬರೆದರು. ಪೌರತ್ವದ ಪ್ರಶ್ನೆಯನ್ನು ಅಂದು ಮುಟ್ಟಲಿಲ್ಲ. ಅದಕ್ಕೂ ಮೊದಲು ಮಾರ್ಚಿನಲ್ಲಿ, ಗಡೀಪಾರನ್ನು ತಡೆದ ನ್ಯಾಯಾಧೀಶರೊಬ್ಬರನ್ನು ಮಹಾಭಿಯೋಗಕ್ಕೆ ಗುರಿಪಡಿಸಬೇಕೆಂದು ಅಧ್ಯಕ್ಷರು ಒತ್ತಾಯಿಸಿದಾಗ, ತೀರ್ಪು ಒಪ್ಪಿಗೆಯಾಗದಿದ್ದರೆ ದಾರಿ ಮೇಲ್ಮನವಿಯೇ ಎಂದು ರಾಬರ್ಟ್ಸ್ ಹೇಳಿಕೆ ನೀಡಿದರು.

ಏಪ್ರಿಲ್ 17ರಂದು ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯದಿಂದ ಇನ್ನೊಂದು ಆದೇಶ ಬಂತು. ಮೇರಿಲ್ಯಾಂಡ್‌ನಲ್ಲಿ ವಾಸವಿದ್ದ ವಲಸಿಗರೊಬ್ಬರನ್ನು ನ್ಯಾಯಾಲಯದ ರಕ್ಷಣೆಯಿದ್ದರೂ ಎಲ್ ಸಾಲ್ವಡೋರ್‌ನ ಸೆರೆಮನೆಗೆ ಕಳಿಸಿಬಿಟ್ಟ ಸರ್ಕಾರ, ಅವರನ್ನು ಮರಳಿ ತರಲು ತನ್ನ ಕೈಲಿ ಏನೂ ಇಲ್ಲವೆನ್ನುತ್ತಿತ್ತು. ಯುಕ್ತ ಪ್ರಕ್ರಿಯೆ ಇಲ್ಲದೆ ಯಾರನ್ನು ಬೇಕಾದರೂ ವಿದೇಶದ ಸೆರೆಮನೆಯಲ್ಲಿಡುವ ಅಧಿಕಾರವನ್ನು ಒಪ್ಪಿದರೆ ಅದು ನಾಳೆ ನಾಗರಿಕರ ಮೇಲೂ ತಿರುಗಬಹುದೆಂದು ಆದೇಶ ಎಚ್ಚರಿಸಿತು. ಬ್ರೌನ್ ತೀರ್ಪು ತಮಗೆ ಅಷ್ಟಾಗಿ ರುಚಿಸದಿದ್ದರೂ ಅದನ್ನು ಜಾರಿಗೊಳಿಸಿದ ಐಸೆನ್‌ಹೋವರರ ನಡೆಯನ್ನು ಕಾರ್ಯಾಂಗಕ್ಕೆ ಮಾದರಿಯಾಗಿ ತೋರಿಸಿತು. ಅದನ್ನು ಬರೆದವರು, ಹೆಲ್ಲರ್ ತೀರ್ಪಿನಲ್ಲಿ ನ್ಯಾಯಾಂಗ ಮಿತಿ ಮೀರಿತೆಂದು ಹದಿನಾರು ವರ್ಷ ಮೊದ­ಲು ದೂರಿದ್ದ ಹಾರ್ವಿ ವಿಲ್ಕಿನ್ಸನ್.